ಹತ್ತೊಂಬತ್ತನೆಯ ದಿನದ ಜ್ವರ

ಹೃದಯದ ತಪ್ಪಿದ ತಾಳವನ್ನು ಸರಿಪಡಿಸಲು ಅದರೊಳಗೆ ಅಲ್ಲಲ್ಲಿ ಸುಡುವ ಅಬ್ಲೇಷನ್ ಎಂಬ ಚಿಕಿತ್ಸೆ ಆದ ಹತ್ತೊಂಬತ್ತನೆಯ ದಿನ ಸಂಜೆ ನನಗೆ ಸಣ್ಣಗೆ ಜ್ವರ ಬಂತು. ಥರ್ಮಾಮೀಟರ್ 100.6 ತೋರಿಸಿತು. ಮೈಕೈ ನೋವು, ನೀರು ಕುಡಿದರೂ ಎದೆಯ ನಡುವೆ ಎಲ್ಲೋ ತಡೆದು ಇಳಿದಂಥ ನೋವು, ಅಷ್ಟೇ. ಒಂದು ಪ್ಯಾರಾಸಿಟಮಾಲ್ ನುಂಗಿ ಮಲಗಿದೆ. ಗಂಟೆಯೊಳಗೆ ಮೈ ಬೆವರಿ ಜ್ವರ ಇಳಿಯಿತು, ನಿದ್ದೆಯೂ ಬಂತು. ಇದರಲ್ಲಿ ಬರೆಯುವಂಥದ್ದು ಏನಿದೆ ಎಂದು ಕೇಳಬಹುದು. ಮಂಚದ ಪಕ್ಕದ ಡ್ರಾಯರಿನಲ್ಲಿ ಆಸ್ಪತ್ರೆಯವರು ಕೊಟ್ಟ ನಾಲ್ಕು ಪುಟಗಳ ಡಿಸ್ಚಾರ್ಜ್ ಸಮ್ಮರಿ ಇತ್ತು. ಎರಡು ತಿಂಗಳೊಳಗೆ ಜ್ವರ, ನುಂಗುವಾಗ ನೋವು, ಮಾತು ತೊದಲುವುದು, ಕೈಕಾಲು ಸೋಲುವುದು ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ ಕರೆ ಮಾಡಬೇಕು ಎಂದು ಅದರ ಮೂರನೆಯ ಪುಟದಲ್ಲಿ ಬರೆದಿತ್ತು, ಮತ್ತು ಆ ಸಾಲಿನ ಕೆಳಗೆ ನೀಲಿ ಪೆನ್ನಿನಿಂದ ಗೆರೆ ಎಳೆದವನು ನಾನೇ. ಪಟ್ಟಿಯಲ್ಲಿದ್ದ ನಾಲ್ಕರಲ್ಲಿ ಎರಡು ನನ್ನ ಮೈಯಲ್ಲಿದ್ದವು. ನಾನು ಕರೆ ಮಾಡಲಿಲ್ಲ.

ಏಕೆ ಮಾಡಲಿಲ್ಲ ಎಂಬುದು ತಿಂಗಳುಗಳು ಕಳೆದರೂ ನನ್ನನ್ನು ಬಿಟ್ಟಿಲ್ಲ. ಓದಿರಲಿಲ್ಲ ಎನ್ನುವಂತಿಲ್ಲ. ತಾಳ ತಪ್ಪಿದ ನನ್ನ ಹೃದಯದ ಬಗ್ಗೆ ಎರಡು ವರ್ಷ ಕೈಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡವನು ನಾನು. ಅಬ್ಲೇಷನ್ನಿನಿಂದ ಆಗಬಹುದಾದ ತೊಡಕುಗಳ ಪಟ್ಟಿಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ. ಆದರೂ ಆ ಸಂಜೆ ನನ್ನ ತಲೆಯಲ್ಲಿ ಜ್ವರ ಒಂದು ಕಡೆ ಇತ್ತು, ಅಬ್ಲೇಷನ್ ಇನ್ನೊಂದು ಕಡೆ ಇತ್ತು. ಅಬ್ಲೇಷನ್ ಮುಗಿದುಹೋದ ಸಂಗತಿ, ತೊಡೆಸಂದಿನ ಗಾಯ ಒಣಗಿ ಚುಕ್ಕೆಯಾಗಿದೆ, ನಾಡಿ ಸಮವಾಗಿದೆ, ಇದು ಯಾವುದೋ ಬೇರೆ ಜ್ವರ. ಹೀಗೆ ನಾನು ಯೋಚಿಸಿದೆ ಎಂದೂ ಹೇಳಲಾರೆ. ಯೋಚಿಸಿದ್ದರೆ ಕರೆ ಮಾಡುತ್ತಿದ್ದೆನೇನೋ.

ಕೋಣೆಯೊಳಗಿನ ತೊಡಕುಗಳು

ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ತಾಳ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್ ಇರುವವರಿಗೆ ಅದೇನೆಂದು ವಿವರಿಸಬೇಕಾಗಿಲ್ಲ. ಇಲ್ಲದವರಿಗೆ ಎಷ್ಟು ವಿವರಿಸಿದರೂ ಚೀಲದೊಳಗೆ ಹಕ್ಕಿ ಒದ್ದಾಡಿದಂತಾಗುವ ಆ ಅನುಭವ ತಿಳಿಯುವುದಿಲ್ಲ. 1998ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಷೆಲ್ ಹೈಸಗೇರ್ ಮತ್ತು ಅವರ ಸಂಗಡಿಗರು 45 ರೋಗಿಗಳನ್ನು ಪರೀಕ್ಷಿಸಿ, ಈ ಒದ್ದಾಟವನ್ನು ಹೊತ್ತಿಸುವ ಕಿಡಿಗಳಲ್ಲಿ ಶೇಕಡಾ 94ರಷ್ಟು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ನಾಳಗಳ ಒಳಗಿನಿಂದಲೇ ಹೊರಡುತ್ತವೆ ಎಂದು ತೋರಿಸಿದರು. ಆ ನಾಳಗಳ ಬಾಯಿಯ ಸುತ್ತ ಅಂಗಾಂಶವನ್ನು ಚುಕ್ಕೆಚುಕ್ಕೆಯಾಗಿ ಸುಟ್ಟೋ ಹೆಪ್ಪುಗಟ್ಟಿಸಿಯೋ ಬೇಲಿ ಹಾಕಿದರೆ ಕಿಡಿ ಒಳಗೇ ಉಳಿಯುತ್ತದೆ. ನನಗೆ ಮಾಡಿದ್ದು ಸುಡುವ ವಿಧಾನ. ತೊಡೆಯ ರಕ್ತನಾಳದಿಂದ ತಂತಿಗಳನ್ನು ಹತ್ತಿಸಿ, ಬಲ ಹೃತ್ಕರ್ಣಕ್ಕೆ ತಂದು, ಎರಡು ಹೃತ್ಕರ್ಣಗಳ ನಡುವಿನ ತೆಳು ಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಕ್ಕೆ ದಾಟುವುದು, ಅಲ್ಲಿ ಹೆಪ್ಪು ಕಟ್ಟದಂತೆ ಹೆಪಾರಿನ್ ಕೊಡುತ್ತಾ ಗಂಟೆಗಟ್ಟಲೆ ಕೆಲಸ ಮಾಡುವುದು. ಈ ಒಂದು ವಾಕ್ಯದಲ್ಲೇ ಅರ್ಧದಷ್ಟು ತೊಡಕುಗಳು ಅಡಗಿವೆ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ದಿನ ಡಾಕ್ಟರು ಹೇಳಿದ್ದರು: ತೊಡೆಯಲ್ಲಿ ರಕ್ತಸ್ರಾವ, ಚುಚ್ಚುವಲ್ಲಿ ಅಥವಾ ಸುಡುವಲ್ಲಿ ಹೃದಯದ ಗೋಡೆ ತೂತಾಗುವುದು, ಹೆಪ್ಪು ಮಿದುಳಿಗೆ ಹೋಗುವುದು.

ಗೋಡೆ ತೂತಾದರೆ ಏನು ಮಾಡುತ್ತೀರಿ ಎಂದು ನಾನು ಕೇಳಿದ್ದೆ. ಆ ಪ್ರಶ್ನೆಗೆ ಅವರು ಉತ್ತರಿಸಿದ ರೀತಿಯಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು. ಬೇಸರಪಡದೆ, ನಡೆದಾಡುವ ದಾರಿ ತೋರಿಸುವವರಂತೆ ಹೇಳಿದರು. ಹೃದಯದ ಸುತ್ತಲಿನ ಚೀಲ ಹೆಚ್ಚು ಹಿಗ್ಗುವುದಿಲ್ಲ. ಅದರೊಳಗೆ ಬೇಗಬೇಗನೆ ರಕ್ತ ಸೋರಿದರೆ ಸ್ವಲ್ಪ ಪ್ರಮಾಣವೇ ಸಾಕು, ಹೃದಯಕ್ಕೆ ಹೊರಗಿನಿಂದ ಒತ್ತಡ ಬಿದ್ದು ತುಂಬಿಕೊಳ್ಳಲಾರದೆ ಬಿ.ಪಿ. ಕುಸಿಯುತ್ತದೆ. ಇದು ಹೆಚ್ಚುಕಡಿಮೆ ನೂರರಲ್ಲಿ ಒಬ್ಬರಿಗೆ ಆಗುತ್ತದೆ, ಕೈ ಪಳಗಿದ ಕಡೆ ಇನ್ನೂ ಕಡಿಮೆ. ಬಿ.ಪಿ. ಇಳಿದ ಕೂಡಲೇ ಮೊದಲು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಹಿಡಿದು ನೋಡುತ್ತೇವೆ; ಕಾರಣ ಬೇರೆಯಾಗಿರಬಹುದು ಎಂದು ಊಹಿಸುತ್ತಾ ಕೂರುವುದಿಲ್ಲ. ಚೀಲದಲ್ಲಿ ರಕ್ತ ಕಂಡರೆ ಎದೆಮೂಳೆಯ ಕೆಳತುದಿಯ ಪಕ್ಕದಿಂದ ಸೂಜಿ ಹಾಕಿ, ಕೊಳವೆ ಬಿಟ್ಟು ರಕ್ತ ಹೊರತೆಗೆಯುತ್ತೇವೆ. ಹೆಪಾರಿನ್ನಿನ ಪರಿಣಾಮವನ್ನು ಪ್ರೋಟಮೀನ್ ಕೊಟ್ಟು ಅಡಗಿಸುತ್ತೇವೆ. ಬಹಳಷ್ಟು ಮಂದಿಗೆ ಅಷ್ಟರಲ್ಲಿ ಸೋರಿಕೆ ನಿಲ್ಲುತ್ತದೆ, ನಿಲ್ಲದಿದ್ದರೆ ಶಸ್ತ್ರಚಿಕಿತ್ಸಕರು ಎದೆ ತೆರೆಯುತ್ತಾರೆ. “ಆ ಸೂಜಿ, ಆ ಕೊಳವೆ ಎರಡೂ ಕೋಣೆಯಲ್ಲಿ ಎಲ್ಲಿವೆ ಎಂದು ನಮ್ಮ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ” ಎಂದು ಅವರು ಕೊನೆಗೆ ಹೇಳಿದ್ದು ಇಂದಿಗೂ ಕಿವಿಯಲ್ಲಿದೆ.

ಇದೇ ಬಗೆಯ ಇನ್ನೊಂದು ಎಚ್ಚರದ ಬಗ್ಗೆ ನನಗೆ ಹೇಳಿದವರು ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿದ್ದ ಹಿರಿಯರು. ಅವರಿಗೆ ಮಾಡಿದ್ದು ಬಲೂನಿನಿಂದ ಹೆಪ್ಪುಗಟ್ಟಿಸುವ ಕ್ರಯೋ ವಿಧಾನ. ಅರೆಮಂಪರಿನಲ್ಲಿ ತಮಗೆ ಬಿಕ್ಕಳಿಕೆಯಂತೆ ಹೊಟ್ಟೆ ಕುಪ್ಪಳಿಸುತ್ತಿತ್ತೆಂದೂ ಯಾರೋ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದರೆಂದೂ ಅವರು ಹೇಳಿದರು. ಬಿಕ್ಕಳಿಕೆ ತರಿಸುತ್ತಿದ್ದವರು ಡಾಕ್ಟರುಗಳೇ. ಉಸಿರಾಟದ ಪ್ರಮುಖ ಸ್ನಾಯುವಾದ ವಪೆಯನ್ನು ಆಡಿಸುವ ಫ್ರೆನಿಕ್ ನರ ಬಲಭಾಗದ ಶ್ವಾಸಕೋಶದ ನಾಳಗಳ ತೀರ ಹತ್ತಿರ ಹಾದುಹೋಗುತ್ತದೆ. ತಣ್ಣನೆಯ ಬಲೂನು ಅದನ್ನೂ ಮರಗಟ್ಟಿಸಿಬಿಡಬಹುದು. ಆದ್ದರಿಂದ ಬಲೂನಿಗಿಂತ ಮೇಲೆ ಒಂದು ತಂತಿಯನ್ನಿಟ್ಟು ಆ ನರವನ್ನು ಬಿಟ್ಟುಬಿಟ್ಟು ಮಿಡಿಸುತ್ತಾ, ವಪೆಯ ಪ್ರತಿ ಜಿಗಿತವನ್ನೂ ಅಂಗೈಯಿಂದ ಮುಟ್ಟಿ ನೋಡುತ್ತಾರೆ. ಜಿಗಿತ ಸೊರಗಿತೆಂದು ಅನಿಸಿದ ಕ್ಷಣವೇ ತಣಿಸುವುದನ್ನು ನಿಲ್ಲಿಸುತ್ತಾರೆ. ನರಕ್ಕೆ ಪೆಟ್ಟಾದರೂ ಬಹುಪಾಲು ಜನರಲ್ಲಿ ದಿನಗಳಲ್ಲೋ ತಿಂಗಳುಗಳಲ್ಲೋ ಅದು ಚೇತರಿಸಿಕೊಳ್ಳುತ್ತದೆ. ಅಷ್ಟೊಂದು ಯಂತ್ರ, ಅಷ್ಟೊಂದು ಪರದೆಗಳ ನಡುವೆ ಕೊನೆಗೆ ನೆಚ್ಚಿಕೊಂಡದ್ದು ಒಬ್ಬರ ಅಂಗೈಯನ್ನು ಎಂಬುದು ಆ ಹಿರಿಯರಿಗೆ ತುಂಬ ಹಿಡಿಸಿತ್ತು.

ಪೆನ್ನಿನ ಗೆರೆ

ನನ್ನ ಪಾಲಿಗೆ ಬಂದ ತೊಡಕು ಇವೆರಡಕ್ಕಿಂತ ಸಾಮಾನ್ಯವಾದದ್ದು. ವಾರ್ಡಿಗೆ ಬಂದು ಮೂರು ಗಂಟೆಯಾಗಿತ್ತು. ಕಾಲು ಮಡಚಬಾರದು, ತಲೆ ಎತ್ತಬಾರದು ಎಂದು ಹೇಳಿದ್ದರಿಂದ ಚಾವಣಿಯ ದೀಪ ಎಣಿಸುತ್ತಾ ಅಂಗಾತ ಮಲಗಿದ್ದೆ. ಒಂದು ಕೆಮ್ಮು ಬಂತು. ಕೆಮ್ಮಿದ ಮೇಲೆ ಬಲ ತೊಡೆಯ ಕೆಳಗೆ ಬೆಚ್ಚಗೆ ಒದ್ದೆಯಾದಂತೆ ಅನಿಸಿತು. ಬೆವರಿರಬೇಕೆಂದುಕೊಂಡೆ; ಆಮೇಲೆ ಯಾವುದಕ್ಕೂ ಇರಲಿ ಎಂದು ಗಂಟೆ ಒತ್ತಿದೆ. ಬಂದ ಸಿಸ್ಟರ್ ಹೊದಿಕೆ ಸರಿಸಿ ನೋಡಿದವರೇ ಏನೂ ಮಾತಾಡದೆ ಗ್ಲೌಸ್ ಹಾಕಿಕೊಂಡು ತೊಡೆಸಂದಿನ ಮೇಲೆ ಬೆರಳುಗಳನ್ನಿಟ್ಟು ಒತ್ತಿಹಿಡಿದರು. ಆ ಒತ್ತು ನನಗೆ ನೋವಾಗುವಷ್ಟು ಗಟ್ಟಿಯಾಗಿತ್ತು. ಇನ್ನೊಬ್ಬರನ್ನು ಕರೆದು ಬಿ.ಪಿ. ನೋಡಲು ಹೇಳಿದರು, ಮತ್ತೊಬ್ಬರಿಂದ ಡಾಕ್ಟರಿಗೆ ಕರೆ ಮಾಡಿಸಿದರು. ಬೆರಳು ಮಾತ್ರ ಕದಲಲಿಲ್ಲ. ಇಪ್ಪತ್ತು ನಿಮಿಷ ಹಾಗೆಯೇ ನಿಂತಿದ್ದರು. ನಡುವೆ ಒಮ್ಮೆ ನಾನು, “ಕೈ ನೋಯುವುದಿಲ್ಲವೇ ಸಿಸ್ಟರ್?” ಎಂದೆ. “ನೋಯುತ್ತದೆ. ನೀವು ಕೆಮ್ಮಬೇಡಿ, ಸಾಕು” ಎಂದರು.

ಒತ್ತುವುದನ್ನು ಬಿಟ್ಟ ಮೇಲೆ ಅವರು ಮಾಡಿದ ಕೆಲಸವೊಂದು ನನ್ನ ನೆನಪಿನಲ್ಲಿ ಅಚ್ಚೊತ್ತಿದೆ. ಊತದ ಅಂಚನ್ನು ಬೆರಳಿನಿಂದ ತಡವಿ ತಡವಿ ಗುರುತಿಸಿ, ಜೇಬಿನಿಂದ ಪೆನ್ನು ತೆಗೆದು ಅದರ ಸುತ್ತ ನನ್ನ ಚರ್ಮದ ಮೇಲೆಯೇ ಒಂದು ಗೆರೆ ಎಳೆದು, ಪಕ್ಕದಲ್ಲಿ ವೇಳೆಯನ್ನು ಬರೆದರು. ಊತ ಗೆರೆ ದಾಟಿತೋ ಇಲ್ಲವೋ ಎಂದು ರಾತ್ರಿಯಿಡೀ ಗಂಟೆಗೊಮ್ಮೆ ಬಂದು ನೋಡಿದರು. ದಾಟಲಿಲ್ಲ. ಬೆಳಿಗ್ಗೆ ಅಲ್ಲಿಗೆ ಅಲ್ಟ್ರಾಸೌಂಡ್ ಇಟ್ಟು ನೋಡಿದಾಗ ರಕ್ತ ಹೆಪ್ಪುಗಟ್ಟಿದ ಗಡ್ಡೆ ಮಾತ್ರ ಎಂದು ಖಚಿತವಾಯಿತು. ಅಲ್ಲಿ ಎರಡು ಸಂಗತಿಗಳನ್ನು ಹುಡುಕುತ್ತಾರಂತೆ. ಪಕ್ಕದ ಅಪಧಮನಿಗೆ ಸೂಜಿ ತಾಗಿ ಅದರಿಂದ ಸೋರಿದ ರಕ್ತ ಒಂದು ಸುಳ್ಳು ಚೀಲ ಕಟ್ಟಿಕೊಂಡು ಮಿಡಿಯುತ್ತಿರುವುದು ಒಂದು. ಅಪಧಮನಿಗೂ ಅಭಿಧಮನಿಗೂ ನಡುವೆ ಕಳ್ಳದಾರಿ ಬಿದ್ದಿರುವುದು ಇನ್ನೊಂದು. ಚೀಲ ಸಣ್ಣದಾದರೆ ಕಾದು ನೋಡುತ್ತಾರೆ. ದೊಡ್ಡದಾದರೆ ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಒತ್ತಿ ಮುಚ್ಚುತ್ತಾರೆ, ಅಥವಾ ಅದರೊಳಕ್ಕೆ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಚುಚ್ಚುತ್ತಾರೆ. ಕಳ್ಳದಾರಿ ಸಣ್ಣದಾದರೆ ಎಷ್ಟೋ ಸಲ ತಾನಾಗಿ ಮುಚ್ಚಿಕೊಳ್ಳುತ್ತದೆ. ಚುಚ್ಚುವಾಗಲೇ ಅಲ್ಟ್ರಾಸೌಂಡಿನಲ್ಲಿ ನಾಳವನ್ನು ನೋಡಿಕೊಂಡು ಚುಚ್ಚಿದರೆ ಇಂಥ ತೊಡಕುಗಳು ಸಾಕಷ್ಟು ಕಡಿಮೆಯಾಗುತ್ತವೆ.

ಮನೆಗೆ ಬಂದ ಮೇಲೆ ಆ ರಕ್ತದ ಕಲೆ ನೀಲಿಯಾಗಿ, ನೇರಳೆಯಾಗಿ, ಹಳದಿಯಾಗಿ ಮೊಣಕಾಲಿನವರೆಗೆ ಇಳಿಯಿತು. ನೋಡಿದವರೆಲ್ಲ ಗಾಬರಿಯಾದರು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಎರಡು ದಿನ ಬಿಡುವುದೇ ಒಳ್ಳೆಯದೆಂದು ಸಲಹೆ ಕೊಟ್ಟವರೂ ಇದ್ದರು. ನಾನು ಬಿಡಲಿಲ್ಲ. ಸುಟ್ಟ ಅಂಗಾಂಶದ ಒಳಮೈ ಮಾಯುವವರೆಗೆ ಅಲ್ಲಿ ಹೆಪ್ಪು ಕಟ್ಟುವ ಅಪಾಯ ಹೆಚ್ಚು. ಆದ್ದರಿಂದ ಅಬ್ಲೇಷನ್ ಆದ ಮೇಲೆ ಕಡಿಮೆಯೆಂದರೂ ಎರಡು ತಿಂಗಳು, ಕೆಲವು ಮಾರ್ಗಸೂಚಿಗಳ ಪ್ರಕಾರ ಮೂರು ತಿಂಗಳು, ತಾಳ ಸರಿಯಿದ್ದರೂ ಇಲ್ಲದಿದ್ದರೂ ಮಾತ್ರೆ ತಪ್ಪಬಾರದು. ಆಮೇಲೆ ಮುಂದುವರಿಸಬೇಕೇ ಎಂಬುದು ಆಯಾ ವ್ಯಕ್ತಿಗೆ ಪಾರ್ಶ್ವವಾಯುವಿನ ಅಪಾಯ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಕಲೆ ಹರಡುವುದು ನೋಡಲು ಭೀಕರ, ಆದರೆ ಅದು ಗುರುತ್ವಕ್ಕೆ ಸಿಕ್ಕಿ ಇಳಿಯುವ ಹಳೆಯ ರಕ್ತ. ಗಟ್ಟಿ ಗಂಟೊಂದು ದಿನದಿನಕ್ಕೂ ಬೆಳೆದರೆ, ಮುಟ್ಟಿದಾಗ ಮಿಡಿದರೆ, ಕಾಲು ತಣ್ಣಗಾದರೆ, ಅದು ಬೇರೆ ಮಾತು.

ತೊಡೆಯ ವಿಷಯದಲ್ಲಿ ನಾನು ಇಷ್ಟೊಂದು ಜಾಗರೂಕನಾಗಿದ್ದೆ ಎಂಬುದೇ ನನ್ನನ್ನು ಕಾಡುವುದು. ಆ ಪೆನ್ನಿನ ಗೆರೆ ಸ್ನಾನದಲ್ಲಿ ಅಳಿಸಿಹೋಗದಂತೆ ಒಂದು ವಾರ ಕಾಪಾಡಿಕೊಂಡಿದ್ದೆ, ಮಸುಕಾದಾಗ ನಾನೇ ತಿದ್ದಿ ಬರೆದುಕೊಂಡಿದ್ದೆ. ಕಣ್ಣಿಗೆ ಕಾಣುವ, ಅಳತೆಗೆ ಸಿಗುವ ತೊಡಕಿಗೆ ಅಷ್ಟು ಕಾವಲು ಹಾಕಿದವನು ಜ್ವರಕ್ಕೆ ಮಾತ್ರೆ ನುಂಗಿ ಮಲಗಿದೆ.

ಅನ್ನನಾಳ

ಎಡ ಹೃತ್ಕರ್ಣದ ಬೆನ್ನಿಗೇ ಅನ್ನನಾಳ ಹಾದುಹೋಗುತ್ತದೆ. ಎರಡರ ನಡುವಿನ ಅಂತರ ಕೆಲವೇ ಮಿಲಿಮೀಟರು. ಒಳಗಿನಿಂದ ಕರ್ಣದ ಹಿಂಗೋಡೆಯನ್ನು ಸುಡುವಾಗ ಬಿಸಿ ಅಲ್ಲಿಗೇ ನಿಲ್ಲುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಅನ್ನನಾಳಕ್ಕೆ ಏನೂ ಆಗುವುದಿಲ್ಲ; ಕೆಲವರಲ್ಲಿ ಒಳಪದರದಲ್ಲಿ ಹುಣ್ಣಾಗಿ ತಾನಾಗಿ ಮಾಯುತ್ತದೆ. ತೀರ ಅಪರೂಪಕ್ಕೆ ಆ ಹುಣ್ಣು ಆಳಕ್ಕೆ ಇಳಿದು, ವಾರಗಳ ನಂತರ ಅನ್ನನಾಳಕ್ಕೂ ಹೃದಯಕ್ಕೂ ನಡುವೆ ತೂತು ಬೀಳುತ್ತದೆ. ಬಾಯಿಯ ಮೂಲಕ ಹೋದ ಗಾಳಿ, ಆಹಾರದ ಕಣ, ಬ್ಯಾಕ್ಟೀರಿಯಾ ನೇರವಾಗಿ ಹೃದಯದ ಎಡಭಾಗಕ್ಕೆ ಸೇರುತ್ತವೆ, ಅಲ್ಲಿಂದ ಮಿದುಳಿಗೆ. ಹೀಗೆ ತಂತಿ ಹಾಕಿ ಮಾಡುವ ಕ್ಯಾತಿಟರ್ ಅಬ್ಲೇಷನ್ನಿನ ನಂತರ ಹೀಗಾದದ್ದರ ಮೊದಲ ವರದಿಗಳು 2004ರಲ್ಲಿ ಬಂದವು. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದು ಐದೂವರೆ ಲಕ್ಷಕ್ಕೂ ಹೆಚ್ಚು ಅಬ್ಲೇಷನ್ನುಗಳ ಲೆಕ್ಕ ಹಾಕಿ 138 ಮಂದಿಯಲ್ಲಿ ಇಂಥ ತೂತು ಕಂಡುಬಂದದ್ದನ್ನು ದಾಖಲಿಸಿತು. ಅಂದರೆ ಸುಮಾರು ನಾಲ್ಕು ಸಾವಿರಕ್ಕೆ ಒಬ್ಬರು. ಸುಡುವ ವಿಧಾನದಲ್ಲಿ ಹೆಚ್ಚು, ಹೆಪ್ಪುಗಟ್ಟಿಸುವ ವಿಧಾನದಲ್ಲಿ ಬಹಳ ಕಡಿಮೆ. ಆ ಪೈಕಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಬದುಕುಳಿಯಲಿಲ್ಲ. ಬದುಕುಳಿಯುವ ಅವಕಾಶ ಹೆಚ್ಚಿದ್ದದ್ದು ತೂತನ್ನು ಶಸ್ತ್ರಚಿಕಿತ್ಸೆಯಿಂದಲೋ ಅನ್ನನಾಳದ ಕಡೆಯಿಂದಲೋ ಸರಿಪಡಿಸಿಕೊಂಡವರಲ್ಲಿ. ಬರೀ ಔಷಧದಲ್ಲಿ ಕಾದವರಲ್ಲಿ ಉಳಿದವರು ತೀರ ಕಡಿಮೆ. ಮೊದಲ ಲಕ್ಷಣ ಕಾಣಿಸಿಕೊಂಡ ದಿನಗಳ ಮಧ್ಯಾಂಕ 18, ಅಂದರೆ ಸುಮಾರು ಅರ್ಧ ಜನರಿಗೆ ಅದಕ್ಕೆ ಮೊದಲು, ಉಳಿದರ್ಧಕ್ಕೆ ಆಮೇಲೆ.

ಹದಿನೆಂಟು ಎಂಬ ಆ ಅಂಕಿಯ ಮುಂದೆ ನಾನು ಎಷ್ಟು ಸಲ ನಿಂತಿದ್ದೇನೋ. ಹದಿನೆಂಟನೆಯ ದಿನಕ್ಕೆ ರೋಗಿ ರೋಗಿಯಾಗಿ ಉಳಿದಿರುವುದಿಲ್ಲ. ಕೆಲಸಕ್ಕೆ ಹೋಗಲು ಶುರುಮಾಡಿರುತ್ತಾನೆ, ವಿಚಾರಿಸುವವರ ಕರೆಗಳು ನಿಂತಿರುತ್ತವೆ, ಆಸ್ಪತ್ರೆಯ ಮುಂದಿನ ಭೇಟಿಗೆ ಇನ್ನೂ ಎಷ್ಟೋ ವಾರಗಳಿರುತ್ತವೆ. ಜ್ವರ ಬಂದರೆ ಅವನು ಹೋಗುವುದು ಹತ್ತಿರದ ಯಾವುದೋ ಡಾಕ್ಟರ ಬಳಿಗೆ. ಅವರಿಗೆ ಅವನ ಹೃದಯದ ಕಥೆ ಗೊತ್ತಿರುವುದಿಲ್ಲ. ಸೂಜಿ ಕೊಳವೆ ಎಲ್ಲಿವೆ ಎಂದು ಪ್ರತಿಯೊಬ್ಬರಿಗೂ ಗೊತ್ತಿದ್ದ ಕೋಣೆಯಿಂದ ಅವನು ಬಹಳ ದೂರ ಬಂದಿರುತ್ತಾನೆ. ಎಲ್ಲಕ್ಕಿಂತ ಕೆಟ್ಟ ತೊಡಕು ಹೀಗೆ, ಎಲ್ಲರೂ ಕಾವಲು ಬಿಟ್ಟು ಎದ್ದುಹೋದ ಮೇಲೆ ಬರುತ್ತದೆ.

ನನ್ನನ್ನು ಎಬ್ಬಿಸಿದವಳು ಹೆಂಡತಿ. ರಾತ್ರಿ ಜ್ವರ ಮತ್ತೆ ಏರಿ ನಡುಕ ಬಂದಾಗ ಅವಳು ಡ್ರಾಯರಿನಿಂದ ಆ ಕಾಗದ ತೆಗೆದು ದೀಪ ಹಾಕಿಕೊಂಡು ಓದಿದಳು. “ಮಾತ್ರೆ ತಗೊಂಡಿರಲ್ಲ, ಇವರಿಗೆ ಫೋನ್ ಮಾಡಿದಿರಾ?” ಎಂದಳು. ಬೆಳಿಗ್ಗೆ ಮಾಡೋಣವೆಂದೆ. ಅವಳು ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ಎಣಿಸಿದಳು. ಅಬ್ಲೇಷನ್ ಆದ ದಿನವನ್ನು ಸೇರಿಸಬೇಕೋ ಬಿಡಬೇಕೋ ಎಂದು ಆ ಹೊತ್ತಿನಲ್ಲೂ ನಮ್ಮಿಬ್ಬರಿಗೆ ಸಣ್ಣ ವಾದವಾಯಿತು. ಕಾಗದದಲ್ಲಿದ್ದ ಸಂಖ್ಯೆಗೆ ಕರೆ ಮಾಡಿದರೆ ಯಾರೂ ಎತ್ತಲಿಲ್ಲ. ಕೊನೆಗೆ ಹತ್ತಿರದಲ್ಲಿದ್ದ ಬೇರೊಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದೆವು.

ಅಲ್ಲಿ ನನ್ನನ್ನು ನೋಡಿದ ಕಿರಿಯ ಡಾಕ್ಟರು ತುಂಬ ಒಳ್ಳೆಯವರು. ಗಂಟಲಿಗೆ ಟಾರ್ಚ್ ಬಿಟ್ಟು ನೋಡಿದರು, ಇ.ಸಿ.ಜಿ. ತೆಗೆಸಿದರು, ತಾಳ ಸರಿಯಿದೆ ಎಂದು ನಗುಮುಖದಿಂದ ಹೇಳಿದರು. ಅಬ್ಲೇಷನ್ ಎಂದು ನಾನು ಹೇಳಿದ್ದೆ. ಆದರೆ ಮೂರು ವಾರದ ಹಿಂದಿನ ಮಾತಾಗಿ, ಹಳೆಯ ಕಾಯಿಲೆಗಳ ಪಟ್ಟಿಯ ನಡುವೆ ಹೇಳಿದ್ದೆ. ಅವರೂ ಅದನ್ನು ಹಾಗೆಯೇ ಬರೆದುಕೊಂಡರು. ನುಂಗುವಾಗ ನೋವಿದೆ ಎಂದಾಗ, ಅಬ್ಲೇಷನ್ನಿಗೆ ಮೊದಲು ಗಂಟಲಿನಿಂದ ಎಕೋ ನಳಿಕೆ ಹಾಕಿದ್ದರಲ್ಲವೇ, ಅದರಿಂದಲೂ ಇರಬಹುದು ಎಂದರು. ಅದು ನಿಜವಾದ ಅನುಮಾನವೇ. ಮೊದಲ ಎರಡು ಮೂರು ದಿನ ನನಗೆ ಆ ನೋವು ಇತ್ತು, ಹೋಗಿತ್ತು. ಹೋದ ನೋವು ಮೂರನೆಯ ವಾರದಲ್ಲಿ ಮತ್ತೆ ಬಂದದ್ದೇ ಹೇಳಬೇಕಾದ ಸಂಗತಿಯಾಗಿತ್ತು, ಅದನ್ನು ನಾನು ಹೇಳಲಿಲ್ಲ. “ಬೆಳಿಗ್ಗೆ ಒಂದು ಎಂಡೋಸ್ಕೋಪಿ ಮಾಡಿಬಿಡೋಣ, ಅನುಮಾನ ಬಗೆಹರಿಯುತ್ತದೆ” ಎಂದು ಅವರು ಬರೆಯಲು ಪೆನ್ನು ತೆಗೆದರು.

ಹೆಂಡತಿ ಕಾಗದವನ್ನು ಬಿಡಿಸಿ ಅವರ ಮುಂದಿಟ್ಟು, “ಸರ್, ಇದನ್ನೊಂದು ಸಲ ನೋಡಿ” ಎಂದಳು. ಮೂರನೆಯ ಪುಟದ ಕೆಳಗೆ, ನಾನು ಗೆರೆ ಎಳೆಯದೇ ಬಿಟ್ಟಿದ್ದ ಒಂದು ಸಾಲಿತ್ತು: ಮೇಲಿನ ಲಕ್ಷಣಗಳಿದ್ದಲ್ಲಿ ಎಂಡೋಸ್ಕೋಪಿ ಮಾಡಿಸಬಾರದು. ಎಂಡೋಸ್ಕೋಪಿಯಲ್ಲಿ ಅನ್ನನಾಳ ಹಿಗ್ಗಲೆಂದು ಒಳಕ್ಕೆ ಗಾಳಿ ಊದುತ್ತಾರೆ. ತೂತು ಬಿದ್ದಿದ್ದರೆ ಆ ಗಾಳಿ ಹೃದಯಕ್ಕೆ ನುಗ್ಗಿ ಮಿದುಳಿಗೆ ಹೋಗಿ, ರೋಗಿ ಮೇಜಿನ ಮೇಲೆಯೇ ಪಾರ್ಶ್ವವಾಯುವಿಗೆ ತುತ್ತಾಗಬಹುದು. ಸಂದೇಹ ಬಂದಾಗ ಮೊದಲು ಮಾಡಬೇಕಾದದ್ದು ಎದೆಯ ಸಿಟಿ ಸ್ಕ್ಯಾನ್. ಬಾಯಿಯಿಂದ ಏನನ್ನೂ ಕೊಡಬಾರದು, ಗಂಟಲಿಗೆ ನಳಿಕೆ ಇಳಿಸಬಾರದು, ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿ ಆಂಟಿಬಯೋಟಿಕ್ ಶುರುಮಾಡಬೇಕು, ಹೃದಯದ ಮತ್ತು ಅನ್ನನಾಳದ ಶಸ್ತ್ರಚಿಕಿತ್ಸಕರಿಬ್ಬರೂ ಇರುವಲ್ಲಿಗೆ ಸೇರಿಸಬೇಕು. ಇವೆಲ್ಲ ಆ ಕಾಗದದಲ್ಲಿ ಇರಲಿಲ್ಲ, ನಾನು ಆಮೇಲೆ ತಿಳಿದುಕೊಂಡದ್ದು. ಕಾಗದದಲ್ಲಿದ್ದದ್ದು ಒಂದೇ ಸಾಲು. ಡಾಕ್ಟರು ಅದನ್ನು ಎರಡು ಸಲ ಓದಿದರು. ತೆಗೆದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದುಹೋಗಿ ಯಾರಿಗೋ ಕರೆ ಮಾಡಿದರು. ತಿರುಗಿ ಬಂದಾಗ ಅವರ ಮುಖದಲ್ಲಿ ನಗು ಇರಲಿಲ್ಲ. “ನೀರು ಕುಡಿದಿದ್ದೀರಾ? ಇನ್ನು ಕುಡಿಯಬೇಡಿ” ಎಂದರು.

ಸಿಟಿಯಲ್ಲಿ ಏನೂ ಕಾಣಲಿಲ್ಲ. ಗಾಳಿಯ ಗುಳ್ಳೆ ಇಲ್ಲ, ಸೋರಿಕೆ ಇಲ್ಲ. ಆದರೆ ಮೊದಲ ಸಿಟಿ ಸರಿಯಿದ್ದ ಮಾತ್ರಕ್ಕೆ ತೂತಿಲ್ಲವೆಂದು ಹೇಳಲಾಗದು ಎಂಬ ಕಾರಣಕ್ಕೆ ನನ್ನನ್ನು ಅಬ್ಲೇಷನ್ ಮಾಡಿದ ಆಸ್ಪತ್ರೆಗೆ ಕಳಿಸಿ, ಅಲ್ಲಿ ಇರಿಸಿಕೊಂಡು ಮೂರು ದಿನ ಬಿಟ್ಟು ಇನ್ನೊಮ್ಮೆ ಸಿಟಿ ಮಾಡಿದರು. ಅದೂ ಸರಿಯಿತ್ತು. ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಗಂಟಲಿನ ಸೋಂಕು ಎಂದಾಯಿತು. ಆ ವಾರ ಮನೆಯಲ್ಲಿ ಇನ್ನಿಬ್ಬರಿಗೂ ಅದೇ ಜ್ವರ ಬಂದಿತ್ತು.

ಸಹಜ ಎಂಬ ಪದ

ಆ ಮೂರು ದಿನ ಮಲಗಿದ್ದಾಗ ಆ ನಾಲ್ಕು ಪುಟಗಳನ್ನು ಮೊದಲ ಬಾರಿಗೆ ನಿಧಾನವಾಗಿ ಓದಿದೆ. ಅದರಲ್ಲಿ ಅತಿ ಹೆಚ್ಚು ಸಲ ಬರುವ ಪದ “ಸಹಜ”. ಎದೆಯಲ್ಲಿ ಅಲ್ಪಸ್ವಲ್ಪ ನೋವು ಸಹಜ. ದಣಿವು ಸಹಜ. ಮೊದಲ ಎರಡು ಮೂರು ತಿಂಗಳು ತಾಳ ಮತ್ತೆ ತಪ್ಪುವುದೂ ಸಹಜ, ಅದನ್ನು ಚಿಕಿತ್ಸೆಯ ಸೋಲೆಂದು ಎಣಿಸಬೇಕಾಗಿಲ್ಲ. ವಿಶ್ರಾಂತಿಯಲ್ಲಿ ನಾಡಿ ಮೊದಲಿಗಿಂತ ಹತ್ತು ಹದಿನೈದು ಹೆಚ್ಚು ಮಿಡಿಯುವುದು ಸಹಜ, ಏಕೆಂದರೆ ಹೃದಯಕ್ಕೆ ಕಡಿವಾಣ ಹಾಕುವ ನರಗಂಟುಗಳಿಗೂ ಬಿಸಿ ತಗಲಿರುತ್ತದೆ. ಇವೆಲ್ಲ ಸತ್ಯವಾದ ಮಾತುಗಳು, ಮತ್ತು ಅಬ್ಲೇಷನ್ ಆದವರ ನಿದ್ದೆಗೆಡದಂತೆ ಕಾಪಾಡುವ ಮಾತುಗಳು. ಆದರೆ ಹನ್ನೆರಡು “ಸಹಜ”ಗಳನ್ನು ಓದಿದ ಮೇಲೆ ಬರುವ ಹದಿಮೂರನೆಯ ಸಾಲನ್ನು ಕಣ್ಣು ಅದೇ ಲಯದಲ್ಲಿ ಓದಿಬಿಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಸಹಜಕ್ಕೂ ಅಪಾಯಕ್ಕೂ ನಡುವೆ ದಿನಗಳ ಲೆಕ್ಕ ಇದೆ ಎಂಬುದನ್ನು ಆ ಕಾಗದ ಎಲ್ಲಿಯೂ ಹೇಳುತ್ತಿರಲಿಲ್ಲ. ಉಸಿರೆಳೆದಾಗ, ಅಂಗಾತ ಮಲಗಿದಾಗ ಚುಚ್ಚಿ, ಮುಂದಕ್ಕೆ ಬಾಗಿ ಕೂತರೆ ಕಡಿಮೆಯಾಗುವ ಎದೆನೋವು ಮೊದಲ ಕೆಲವು ದಿನ ಇದ್ದರೆ ಅದು ಹೃದಯದ ಹೊರಚೀಲದ ಉರಿಯೂತ; ಮಾತ್ರೆಗಳಲ್ಲಿ ತಗ್ಗುತ್ತದೆ. ಮೊದಲ ದಿನದ ಅಲ್ಪ ಜ್ವರವೂ ಹಾಗೆಯೇ. ಅದೇ ನೋವು, ಅದೇ ಜ್ವರ ಎರಡನೆಯ ವಾರದ ನಂತರ ಹೊಸದಾಗಿ ಬಂದರೆ ಅರ್ಥ ಬದಲಾಗುತ್ತದೆ.

ಇನ್ನೂ ತಡವಾಗಿ ಬರುವುದೂ ಒಂದಿದೆ. ಶ್ವಾಸಕೋಶದ ನಾಳದ ಒಳಗೇ ಸುಟ್ಟಿದ್ದರೆ ಅಲ್ಲಿ ಗಾಯದ ಗುರುತು ಬಿಗಿದುಕೊಂಡು ತಿಂಗಳುಗಳಲ್ಲಿ ನಾಳ ಕಿರಿದಾಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಬಿಡದ ಕೆಮ್ಮು, ಕೆಲವೊಮ್ಮೆ ಕಫದಲ್ಲಿ ರಕ್ತ. ಎಷ್ಟೋ ಮಂದಿ ನ್ಯುಮೋನಿಯಾ ಎಂದು ಆಂಟಿಬಯೋಟಿಕ್ ನುಂಗುತ್ತಾ ಅಲೆದಾಡಿದ್ದಾರೆ. ಸಿಟಿಯಲ್ಲಿ ನಾಳಗಳನ್ನು ನೋಡಿದರೆ ತಿಳಿಯುತ್ತದೆ. ಬಲೂನು ಅಥವಾ ಸ್ಟೆಂಟಿನಿಂದ ಹಿಗ್ಗಿಸುತ್ತಾರೆ. ನಾಳದ ಬಾಯಿಯಿಂದ ಹೊರಗೆ, ಕರ್ಣದ ಗೋಡೆಯಲ್ಲಿ ಬೇಲಿ ಹಾಕುವುದು ರೂಢಿಯಾದ ಮೇಲೆ ಇದು ಬಹಳ ವಿರಳವಾಗಿದೆ.

ಈಗ ಮೂರನೆಯ ವಿಧಾನವೊಂದು ಬಂದು ಈ ಪಟ್ಟಿಯನ್ನೇ ಕಲಕಿದೆ. ಬಿಸಿಯೂ ಇಲ್ಲದೆ ತಂಪೂ ಇಲ್ಲದೆ, ಅತಿ ಕಿರಿದಾದ ವಿದ್ಯುತ್ ಮಿಡಿತಗಳಿಂದ ಹೃದಯದ ಜೀವಕೋಶಗಳ ಪೊರೆಯಲ್ಲಿ ರಂಧ್ರ ಮಾಡಿ ಅವುಗಳನ್ನು ಸಾಯಿಸುವ ಪಲ್ಸ್ಡ್ ಫೀಲ್ಡ್ ಅಬ್ಲೇಷನ್ ಅದು. ಹೃದಯದ ಕೋಶಗಳು ಅನ್ನನಾಳದ ಮತ್ತು ನರದ ಕೋಶಗಳಿಗಿಂತ ಬೇಗ ಅದಕ್ಕೆ ಸೋಲುತ್ತವೆ. 2024ರಲ್ಲಿ ಪ್ರಕಟವಾದ 17,000ಕ್ಕೂ ಹೆಚ್ಚು ರೋಗಿಗಳ ದಾಖಲೆಯಲ್ಲಿ ಅನ್ನನಾಳದ ತೂತು ಒಂದೂ ಇರಲಿಲ್ಲ. ಅದನ್ನು ಓದಿದಾಗ ನನಗಾದದ್ದು ಸಂತೋಷವೇ, ಸ್ವಲ್ಪ ಹೊಟ್ಟೆಕಿಚ್ಚೂ ಸೇರಿತ್ತು. ಆದರೆ ತೊಡೆಯ ರಕ್ತಸ್ರಾವ, ಗೋಡೆಯ ತೂತು, ಪಾರ್ಶ್ವವಾಯು ಇವು ತಂತಿಯೊಂದಿಗೆ ಬರುವಂಥವು, ಶಕ್ತಿ ಯಾವುದಾದರೂ ಹೋಗುವುದಿಲ್ಲ. ಜೊತೆಗೆ ಹೊಸ ವಿಧಾನಕ್ಕೆ ತನ್ನದೇ ತೊಡಕುಗಳಿವೆ: ಮಿಡಿತಗಳ ಸಂಖ್ಯೆ ತೀರ ಹೆಚ್ಚಾದರೆ ಕೆಂಪು ರಕ್ತಕಣಗಳು ಒಡೆದು ಮೂತ್ರಪಿಂಡಕ್ಕೆ ಪೆಟ್ಟಾಗಬಹುದು, ಹೃದಯದ ಸ್ವಂತ ರಕ್ತನಾಳದ ಹತ್ತಿರ ಪ್ರಯೋಗಿಸಿದರೆ ಆ ನಾಳ ಹಠಾತ್ತನೆ ಸೆಟೆದುಕೊಳ್ಳಬಹುದು. ಮೊದಲಿನದಕ್ಕೆ ಧಾರಾಳವಾಗಿ ದ್ರವ ಕೊಡುತ್ತಾರೆ, ಎರಡನೆಯದಕ್ಕೆ ನೈಟ್ರೋಗ್ಲಿಸರಿನ್. ಹೀಗಾಗಿ ಮನೆಗೆ ಕೊಟ್ಟು ಕಳಿಸುವ ಕಾಗದದಲ್ಲಿ ಯಾವ ವಿಧಾನದಿಂದ ಅಬ್ಲೇಷನ್ ಆಯಿತು ಎಂಬುದೂ ದೊಡ್ಡ ಅಕ್ಷರದಲ್ಲಿ ಇರಬೇಕು. ನನ್ನದರಲ್ಲಿ ಅದು ಎರಡನೆಯ ಪುಟದ ಒಂದು ಸಂಕ್ಷಿಪ್ತಾಕ್ಷರದಲ್ಲಿ ಹುದುಗಿತ್ತು.

ಕಳೆದ ತಿಂಗಳು ಪರಿಚಿತರೊಬ್ಬರಿಗೆ ಅಬ್ಲೇಷನ್ ನಿಗದಿಯಾದಾಗ ಏನೇನು ಸಿದ್ಧಮಾಡಿಕೊಳ್ಳಬೇಕು ಎಂದು ನನ್ನನ್ನು ಕೇಳಿದರು. ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ ಎಂದೆ. “ನನಗೆ ಎಡ ಹೃತ್ಕರ್ಣದಲ್ಲಿ ಅಬ್ಲೇಷನ್ ಆಗಿದೆ, ಇಂದಿಗೆ ಇಷ್ಟನೆಯ ದಿನ.” ಯಾವ ಡಾಕ್ಟರ ಮುಂದೆ ಕೂತರೂ, ನೆಗಡಿಗಾಗಿ ಹೋದರೂ, ಎರಡು ತಿಂಗಳ ಕಾಲ ಮೊದಲ ಮಾತು ಇದೇ ಆಗಿರಲಿ, ನಿಮಗೆ ನೆನಪಾಗದಿದ್ದರೆ ಹೇಳಲು ಮನೆಯವರಿಗೂ ಕಲಿಸಿಡಿ ಎಂದೆ. ಅವರು ನಕ್ಕು, ಅಷ್ಟೇ ಸಾಕೇ ಎಂದರು. ರಾತ್ರಿ ಕರೆ ಮಾಡಿದರೆ ಎತ್ತುವ ಸಂಖ್ಯೆ ಯಾವುದೆಂದು ಮೊದಲೇ ಕೇಳಿಟ್ಟುಕೊಳ್ಳಿ, ಹೊರಡುವ ಮುಂಚೆ ಒಮ್ಮೆ ಕರೆ ಮಾಡಿಯೂ ನೋಡಿ ಎಂದು ಸೇರಿಸಿದೆ.

ಮೂರನೆಯ ತಿಂಗಳ ಭೇಟಿಯಲ್ಲಿ ನನ್ನ ಡಾಕ್ಟರು ನಾಡಿಯ ತಾಳವನ್ನು ಬಿಡದೆ ದಾಖಲಿಸುವ ಹೋಲ್ಟರ್ ಯಂತ್ರದ ವರದಿ ನೋಡಿ ತಾಳ ಒಮ್ಮೆಯೂ ತಪ್ಪಿಲ್ಲ ಎಂದರು. ಹೊಸ ಸಮ್ಮರಿಯನ್ನು ಬೆರಳಚ್ಚಿಸಿ ಕೈಗಿತ್ತರು. ತೊಡೆಯ ಗಡ್ಡೆಯ ವಿಷಯ ಅದರಲ್ಲಿತ್ತು. ಜ್ವರದ ವಿಷಯ ಇರಲಿಲ್ಲ. ಅದನ್ನೂ ಸೇರಿಸಿ ಎಂದೆ. ಏನೂ ಆಗಲಿಲ್ಲವಲ್ಲ ಎಂದರು, ಆದರೂ ಕಂಪ್ಯೂಟರಿನ ಕಡೆ ತಿರುಗಿ “18ನೆಯ ದಿನ ಜ್ವರ, ನುಂಗುವಾಗ ನೋವು, ಎರಡು ಬಾರಿ ಸಿಟಿ, ದೋಷವಿಲ್ಲ” ಎಂದು ಸೇರಿಸಿದರು. ಹತ್ತೊಂಬತ್ತನೆಯ ದಿನ ಎಂದು ನಾನು ತಿದ್ದಿದೆ. ಅಬ್ಲೇಷನ್ ಆದ ದಿನವನ್ನು ನಾವು ಸೊನ್ನೆ ಎಂದು ಎಣಿಸುತ್ತೇವೆ ಎಂದು ಅವರು ಹೇಳಿದರು. ಹೆಂಡತಿ ನನ್ನ ಕಡೆ ನೋಡಿದಳು. ಅಂದು ರಾತ್ರಿ ಕ್ಯಾಲೆಂಡರಿನ ಮುಂದೆ ಅವಳು ಹಾಗೆಯೇ ಎಣಿಸಿದ್ದಳು.